ನೇರಳೆ ಬೀಜದ ಜೆಲ್: ಕೆಟ್ಟ ಎರಡು ಪಾಕ, ನಿಂತ ಮೂರನೆಯದು

ಚರ್ಮದ ಬ್ಯಾಕ್ಟೀರಿಯಾ ತಡೆಯಲು ಹಚ್ಚುವ ಅರ್ಧ ಕಿಲೋ ಜೆಲ್‌ಗೆ ಬೇಕಾಗುವ ನೇರಳೆ ಬೀಜದ ಪುಡಿ ಮೂವತ್ತು ಗ್ರಾಮಿಗೂ ಕಡಿಮೆ. ಉಳಿದದ್ದೆಲ್ಲ ನೀರು, ಅಂಟು ಮತ್ತು ಆ ಮೂವತ್ತು ಗ್ರಾಂ ಕೆಡದಂತೆ ಕಾಯುವ ಏರ್ಪಾಡು. ಬೀಜದ ಸಾರ ತೆಗೆಯುವುದು ಎರಡು ದಿನದ ಕೆಲಸ. ಅದು ಜೆಲ್‌ನೊಳಗೆ ಕಪ್ಪಾಗದೆ, ನೀರೊಡೆಯದೆ, ಬೂಸಲು ಹಿಡಿಯದೆ ಉಳಿಯಬೇಕು. ಚರ್ಮದ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವುದು ಬೀಜವೇ ಹೊರತು ನಾವು ಸೇರಿಸಿದ ಸಂರಕ್ಷಕವಲ್ಲ ಎಂದು ತೋರಿಸಬೇಕು. ತಿಂಗಳುಗಟ್ಟಲೆ ಹಿಡಿಯುವುದು ಈ ಎರಡು ಕೆಲಸ.

ನೇರಳೆಯೇ ಯಾಕೆ

ಕಾಸರಗೋಡಿನ ಕಡೆ ಬೀಜಕ್ಕೆ ಬರವಿಲ್ಲ. ಕಡಲಬದಿಯಲ್ಲಿ ಸುರಹೊನ್ನೆ, ಹೊಳೆಬದಿಯಲ್ಲಿ ಹೊಂಗೆ, ತೋಟದಲ್ಲಿ ಅಡಿಕೆ, ಜಾಯಿಕಾಯಿ. ಆದರೆ ಸುರಹೊನ್ನೆ, ಹೊಂಗೆ, ಬೇವು ಮೂರರಲ್ಲೂ ಕೈಗೆ ಸಿಗುವುದು ಎಣ್ಣೆ. ನೀರಿನ ಜೆಲ್‌ಗೆ ಎಣ್ಣೆ ಸೇರಿಸಬೇಕಾದರೆ ಬೆಸೆಯುವ ಮೂರನೆಯ ವಸ್ತು ಬೇಕು. ಆಗ ಅದು ಜೆಲ್ ಆಗಿ ಉಳಿಯುವುದಿಲ್ಲ, ಕ್ರೀಮ್ ಆಗುತ್ತದೆ. ಬಾವಂಚಿ ಬೀಜದಲ್ಲಿ ಸೊರಾಲೆನ್ ಇದೆ. ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ. ಅಡಿಕೆಯ ಒಗರಿನಲ್ಲಿ ಬ್ಯಾಕ್ಟೀರಿಯಾ ತಡೆಯುವ ಟ್ಯಾನಿನ್ ಧಾರಾಳವಾಗಿದ್ದರೂ, ಜತೆಯಲ್ಲೇ ಅರೆಕೋಲಿನ್ ಎಂಬ ಆಲ್ಕಲಾಯ್ಡ್ ಬರುತ್ತದೆ. ಅದನ್ನು ಬೇರ್ಪಡಿಸುವುದು ಅಡುಗೆಮನೆಯ ಕೆಲಸವಲ್ಲ. ಅಡಿಕೆಯ ನಾಡಿನಲ್ಲಿ ಕುಳಿತು ಅಡಿಕೆಯನ್ನೇ ಬಿಟ್ಟಿರಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ಇಷ್ಟೇ.

ನೇರಳೆ ಬೀಜದಲ್ಲಿ ಗ್ಯಾಲಿಕ್ ಆಮ್ಲ, ಎಲಾಜಿಕ್ ಆಮ್ಲ ಮತ್ತು ಇವೆರಡರಿಂದ ಕಟ್ಟಿದ ಟ್ಯಾನಿನ್‌ಗಳಿವೆ. ಇವು ನೀರಿಗೂ ನೀರು ಬೆರೆತ ಗ್ಲೈಕಾಲ್ ಎಂಬ ಮಂದ ದ್ರಾವಕಕ್ಕೂ ಇಳಿಯುತ್ತವೆ. ಟ್ಯಾನಿನ್ ಪ್ರೋಟೀನನ್ನು ಹಿಡಿದು ಗಟ್ಟಿ ಮಾಡುತ್ತದೆ, ಬ್ಯಾಕ್ಟೀರಿಯಾಕ್ಕೆ ಬೇಕಾದ ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಬೀಜ ಅಗಿದಾಗ ನಾಲಗೆ ಬಿಗಿಯುವುದೂ ಜೊಲ್ಲಿನ ಪ್ರೋಟೀನು ಹೀಗೆ ಗಟ್ಟಿಯಾಗುವುದರಿಂದಲೇ. ಸ್ಟ್ಯಾಫಿಲೊಕಾಕಸ್‌ನಂಥ, ಹೊರಪೊರೆಯಿಲ್ಲದ 'ಗ್ರಾಂ ಪಾಸಿಟಿವ್' ಬ್ಯಾಕ್ಟೀರಿಯಾ ಜಾತಿಗಳ ಮೇಲೆ ಇದರ ಪರಿಣಾಮ ಚೆನ್ನಾಗಿ ಕಾಣುತ್ತದೆ. ಇ. ಕೋಲಿಯಂಥವಕ್ಕೆ ಮೇಲೊಂದು ಹೆಚ್ಚಿನ ಹೊರಪೊರೆ ಇರುವುದರಿಂದ ಅಷ್ಟಾಗಿ ತಟ್ಟುವುದಿಲ್ಲ.

ಬೀಜ ಒಣಗಿಸುವ ಪಾಡು

ನೇರಳೆ ಹಣ್ಣಾಗುವುದು ಮೇ, ಜೂನ್‌ನಲ್ಲಿ. ಮಳೆಗಾಲ ಹಿಡಿಯುವುದೂ ಆಗಲೇ. ಬೀಜ ಅಂಗಳದಲ್ಲಿ ಹರಡಿದ ಮರುದಿನ ಮಳೆ ಬಂದರೆ ಆ ಬೀಜ ಹೋಯಿತೆಂದೇ ಲೆಕ್ಕ. ತಿರುಳು ಅಂಟಿಕೊಂಡ ಬೀಜ ಒಂದೇ ರಾತ್ರಿಯಲ್ಲಿ ಹುಳಿ ವಾಸನೆ ಹಿಡಿಯುತ್ತದೆ. ಹಣ್ಣು ಹಿಚುಕಿದ ದಿನವೇ ಬೀಜವನ್ನು ಬಿದಿರ ಬುಟ್ಟಿಗೆ ಹಾಕಿ, ಒಂದಕ್ಕೊಂದು ತಿಕ್ಕಿ, ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆಯಬೇಕು. ತರಕಾರಿ ಬೀಜಕ್ಕೆ ಬೂದಿ ಹಿಡಿಸಿ ಇಡುವ ಅಭ್ಯಾಸ ಇಲ್ಲಿ ಬೇಡ. ಬೂದಿ ಕ್ಷಾರ, ಟ್ಯಾನಿನ್ ಕ್ಷಾರದಲ್ಲಿ ಕಂದುಗಟ್ಟುತ್ತದೆ.

ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಒಣಗುತ್ತದೆ ನಿಜ, ಆದರೆ ಹೊಗೆಯ ವಾಸನೆ ಜೆಲ್‌ವರೆಗೂ ಬರುತ್ತದೆ. ಸೌದೆ ಹಾಕುವ ಕೊಬ್ಬರಿ ಗೂಡಿನಲ್ಲೂ ಅದೇ ತೊಂದರೆ. ಅಡಿಕೆಗೆ ಹಾಕಿದ ಪ್ಲಾಸ್ಟಿಕ್ ಹೊದಿಕೆಯ ಸೋಲಾರ್ ಡ್ರೈಯರ್ ಇದ್ದರೆ ಅದು ಒಳ್ಳೆಯದು; ಇಲ್ಲದಿದ್ದರೆ ವಿದ್ಯುತ್ ಡ್ರೈಯರಿನಲ್ಲಿ 45ರಿಂದ 50 ಡಿಗ್ರಿ. ಎರಡು ದಿನ ಕಳೆದ ಮೇಲೆ ಬೀಜವನ್ನು ಕಲ್ಲಿನ ಮೇಲಿಟ್ಟು ಗುದ್ದಿ ನೋಡಿ. ಚಟ್ಟನೆ ಒಡೆದು ಹೋಳಾದರೆ ಆಯಿತು. ಚಪ್ಪಟೆಯಾಗಿ ಒತ್ತಿಹೋದರೆ ಇನ್ನೂ ತೇವವಿದೆ. ಒಡೆದ ಬೀಜದ ಒಳಗೆ ತಿಳಿ ಹಸಿರು ಅಥವಾ ನಸುಗೆಂಪು ಛಾಯೆ ಇರಬೇಕು. ಕಪ್ಪು ಚುಕ್ಕೆ, ಬಿಳಿ ನೂಲು ಕಂಡದ್ದನ್ನು ಎಸೆಯಿರಿ. ತೊಳೆದರೆ, ಹುರಿದರೆ ಬೂಸಲಿನ ವಿಷ ಹೋಗುವುದಿಲ್ಲ.

ಪೇಟೆಯ ಮದ್ದಿನಂಗಡಿಯಲ್ಲಿ ಕೊಳ್ಳುವುದಾದರೆ 'ಞಾವಲ್ ಕುರು' ಎಂದು ಮಲಯಾಳದಲ್ಲಿ ಕೇಳಿದರೆ ಬೇಗ ಸಿಗುತ್ತದೆ. ಹಳೆಯ ದಾಸ್ತಾನಿನಲ್ಲಿ ಹುಳ ಕೊರೆದ ತೂತು ಸಾಮಾನ್ಯ. ನೀರಿಗೆ ಹಾಕಿ, ತೇಲುವುದನ್ನು ತೆಗೆದುಬಿಡಿ. ಕುಂಟಲ ಹಣ್ಣಿನ ಗುಂಡು ಬೀಜ ಬೆರೆತಿದೆಯೇ ಎಂದೂ ನೋಡಿ. ಅದೂ ನೇರಳೆಯ ಬಳಗವೇ, ಆದರೆ ಬೇರೆ ಜಾತಿ. ಎರಡೂ ಕಲಸಿದರೆ ಪಾಕದಿಂದ ಪಾಕಕ್ಕೆ ಫಲಿತಾಂಶ ಹೊಂದುವುದಿಲ್ಲ.

ಮೇಲಿನ ಕಾಗದದಂಥ ಸಿಪ್ಪೆ ಉಜ್ಜಿ ತೆಗೆದು, ಸ್ಟೀಲ್ ಜಾರಿನ ಮಿಕ್ಸಿಯಲ್ಲಿ ತಡೆತಡೆದು ಪುಡಿ ಮಾಡಬೇಕು. ಒಂದೇ ಸಮನೆ ತಿರುಗಿಸಿದರೆ ಜಾರು ಬಿಸಿಯೇರುತ್ತದೆ. ಉಪ್ಪಿಟ್ಟಿನ ರವೆಗಿಂತ ತುಸು ಸಣ್ಣಗೆ ಬಂದರೆ ಸಾಕು. ಮೈದಾದ ಹಾಗೆ ನುಣ್ಣಗಾದರೆ ಸೋಸುವ ಬಟ್ಟೆ ಕಟ್ಟಿಕೊಳ್ಳುತ್ತದೆ. ಕಬ್ಬಿಣದ ಒರಳು, ಕಬ್ಬಿಣದ ಬಾಣಲೆ, ಮೆಟ್ಟುಕತ್ತಿ ಯಾವುದೂ ಹತ್ತಿರ ಬರಬಾರದು. ಅದರ ಕಾರಣ ಎರಡನೆಯ ಪಾಕದಲ್ಲಿ ಬರುತ್ತದೆ.

ಮೊದಲ ಪಾಕ: ಕಷಾಯ ಮತ್ತು ಕಾರ್ಬೊಪಾಲ್

ಕಷಾಯದ ಲೆಕ್ಕದಲ್ಲೇ ಹೋದ ಪಾಕ ಇದು. 100 ಗ್ರಾಂ ಪುಡಿ, 800 ಮಿ.ಲೀ. ನೀರು, ಕುದಿಸಿ ನಾಲ್ಕನೇ ಒಂದಕ್ಕೆ ಇಳಿಸಿದ್ದು. ತಣಿಯುತ್ತಿದ್ದಂತೆ ಪಾತ್ರೆಯಲ್ಲಿ ಉಳಿದದ್ದು ಗಂಜಿ. ನೇರಳೆ ಬೀಜದಲ್ಲಿ ಪಿಷ್ಟ ತುಂಬಾ ಇದೆ. 65 ಡಿಗ್ರಿ ದಾಟಿದರೆ ಅದು ನೀರು ಕುಡಿದು ಉಬ್ಬಿ ಅಂಟಾಗುತ್ತದೆ. ಬಟ್ಟೆಯಲ್ಲಿ ಹಿಂಡಿದರೆ ಲೋಳೆ ಇಳಿಯುತ್ತದೆ, ಸಾರ ಬೇರ್ಪಡುವುದಿಲ್ಲ. ಹೇಗೋ ಸೋಸಿದರೂ ಜೆಲ್‌ನೊಳಗೆ ಸೇರಿದ ಪಿಷ್ಟ ಬೂಸಲಿಗೆ ಬಡಿಸಿದ ಊಟ.

ಅಂಟಿಗೆ ಕಾರ್ಬೊಪಾಲ್ ಎಂಬ, ನೀರನ್ನು ಜೆಲ್ ಮಾಡುವ ಕೃತಕ ಪುಡಿ ತೆಗೆದುಕೊಂಡದ್ದು, ಎಲ್ಲರೂ ಅದನ್ನೇ ಹೇಳುವುದರಿಂದ. ಕೊಳ್ಳುವಾಗ 940ರ ಬದಲು 980 ಕೇಳಿ. 940 ತಯಾರಾಗುವುದು ಬೆಂಜೀನ್ ದ್ರಾವಕದಲ್ಲಿ, 980ಕ್ಕೆ ಬೆಂಜೀನ್ ಇಲ್ಲ, ದಪ್ಪ ಮಾತ್ರ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. 500 ಗ್ರಾಂ ಪಾಕಕ್ಕೆ 5 ಗ್ರಾಂ. ಕಲಕುತ್ತಿರುವ ನೀರಿನ ಮೇಲೆ ಜರಡಿ ಹಿಡಿದು ಉದುರಿಸಬೇಕು. ಒಮ್ಮೆಗೇ ಸುರಿದರೆ ಅಕ್ಕಿಹಿಟ್ಟಿನ ಹಾಗೆ ಗಂಟು: ಮೇಲೆ ಪೊರೆ, ಒಳಗೆ ಒಣ ಪುಡಿ. ರಾತ್ರಿಯಿಡೀ ನೆನೆದ ಮೇಲೂ ಅದು ತೆಳು ಹಾಲಿನಂತೆಯೇ ಇರುತ್ತದೆ. ಟ್ರೈಎಥನಾಲಮೀನ್ ಎಂಬ ಕ್ಷಾರ 6ರಿಂದ 7 ಗ್ರಾಂ ಹನಿಹನಿಯಾಗಿ ಬಿದ್ದಾಗ ಒಮ್ಮೆಲೇ ಗಟ್ಟಿಯಾಗಿ ತಿಳಿಯಾಗುತ್ತದೆ. ಸುರುಳಿ ಸುತ್ತಿಕೊಂಡ ಎಳೆಗಳಿಗೆ ಋಣ ವಿದ್ಯುದಂಶ ಬಂದು, ಒಂದನ್ನೊಂದು ದೂರ ತಳ್ಳಿ, ಅಗಲವಾಗಿ ಬಿಚ್ಚಿಕೊಳ್ಳುವುದರಿಂದ ಹೀಗಾಗುತ್ತದೆ.

ಇಲ್ಲಿಯವರೆಗೆ ಚಂದ. ಸಾರ ಹಾಕಿದ ಮೇಲೆ ಎರಡೇ ನಿಮಿಷದಲ್ಲಿ ಜೆಲ್ ನೂಲುನೂಲಾಗಿ ಒಡೆದು, ನಡುವೆ ಕಂದು ನೀರು ನಿಂತಿತು. ಬೀಜದ ಸಾರದಲ್ಲಿ ಪೊಟ್ಯಾಸಿಯಂ ಮೊದಲಾದ ಲವಣಗಳಿವೆ. ಅವುಗಳ ಧನ ಅಂಶ ಎಳೆಗಳ ಋಣ ಅಂಶವನ್ನು ಮುಚ್ಚಿಬಿಟ್ಟರೆ ತಳ್ಳಾಟ ನಿಲ್ಲುತ್ತದೆ, ಎಳೆ ಮತ್ತೆ ಸುರುಳಿಯಾಗುತ್ತದೆ. ಕಾರ್ಬೊಪಾಲ್‌ಗೆ ಫೀನಾಲ್ ಜಾತಿಯ ವಸ್ತುಗಳೂ ಆಗುವುದಿಲ್ಲ. ಟ್ಯಾನಿನ್ ಅಂದರೆ ಫೀನಾಲುಗಳ ಗೊಂಚಲು. ಗಟ್ಟಿಯಾಗಲೆಂದು ಇನ್ನಷ್ಟು ಟ್ರೈಎಥನಾಲಮೀನ್ ಹಾಕಿದರೆ ಆಮ್ಲ, ಕ್ಷಾರದ ಅಳತೆಯಾದ ಪಿಎಚ್ ಏಳನ್ನು ದಾಟಿ ಇಡೀ ಪಾಕ ಗಂಟೆಯೊಳಗೆ ಚಹಾದ ಚರಟದ ಬಣ್ಣಕ್ಕೆ ತಿರುಗುತ್ತದೆ. ಸಾರವನ್ನು ಶೇ. 2ಕ್ಕೆ ಇಳಿಸಿದರೆ ಕಾರ್ಬೊಪಾಲ್ ನಿಲ್ಲುತ್ತದೆ ಎನ್ನುವವರಿದ್ದಾರೆ. ನಿಲ್ಲುತ್ತದೆ, ಒಪ್ಪೋಣ. ಆದರೆ ಅಷ್ಟು ಕಡಿಮೆ ಬೀಜಕ್ಕೆ ಇಷ್ಟೆಲ್ಲ ಒದ್ದಾಟ ಯಾಕೆ?

ಎರಡನೆಯ ಪಾಕ: ಜೆಲ್ ನಿಂತಿತು, ಬಣ್ಣ ಕೆಟ್ಟಿತು

ಇಲ್ಲಿ ಎರಡು ಬದಲಾವಣೆ. ಕುದಿಸುವುದು ಬಿಟ್ಟು ಗ್ಲೈಕಾಲಿನಲ್ಲಿ ನೆನೆಸಿದ್ದು. ಕಾರ್ಬೊಪಾಲ್ ಬಿಟ್ಟು ಹೈಡ್ರಾಕ್ಸಿಈಥೈಲ್ ಸೆಲ್ಯುಲೋಸ್, ಅಂದರೆ ಎಚ್‌ಇಸಿ ಎಂಬ ಇನ್ನೊಂದು ಅಂಟುಪುಡಿ, ಹಿಡಿದದ್ದು.

ಸಾರ ತೆಗೆಯಲು ಸ್ಪಿರಿಟ್ ಒಳ್ಳೆಯದೇ, ಆದರೆ ಶುದ್ಧ ಎಥನಾಲಿಗೆ ಅಬಕಾರಿ ಪರವಾನಗಿ ಬೇಕು. ಪೇಂಟಂಗಡಿಯ ಡಿನೇಚರ್ಡ್ ಸ್ಪಿರಿಟ್‌ನಲ್ಲಿ ವಿಷ ಬೆರೆಸಿರುತ್ತಾರೆ, ಮೈಗೆ ಹಚ್ಚುವುದಕ್ಕೆ ಅದು ಸಲ್ಲದು. ಪ್ರೊಪಿಲೀನ್ ಗ್ಲೈಕಾಲಿಗೆ ಪರವಾನಗಿ ಬೇಡ, ಬೆಂಕಿಯ ಭಯ ಕಡಿಮೆ, ಆವಿ ಮಾಡಿ ತೆಗೆಯುವ ಕೆಲಸವೂ ಇಲ್ಲ. ಡಬ್ಬದ ಮೇಲೆ 'ಐಪಿ' (ಇಂಡಿಯನ್ ಫಾರ್ಮಕೋಪಿಯಾ, ಔಷಧದ ದರ್ಜೆ) ಎಂದಿರುವುದನ್ನೇ ತರಬೇಕು. ಕೈಗಾರಿಕೆಯ ಡ್ರಮ್ಮಿನ ಮಾಲಿನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತಿರುವ ಅಪಾಯವಿದೆ.

100 ಗ್ರಾಂ ಪುಡಿಗೆ 200 ಗ್ರಾಂ ಪ್ರೊಪಿಲೀನ್ ಗ್ಲೈಕಾಲ್, 300 ಗ್ರಾಂ ನೀರು. ಗಾಜಿನ ಭರಣಿಯಲ್ಲಿ ಹಾಕಿ, 45 ಡಿಗ್ರಿಯ ಬಿಸಿನೀರಿನ ಪಾತ್ರೆಯಲ್ಲಿ ಎರಡು ಗಂಟೆ ನಿಲ್ಲಿಸಿ, ಆಮೇಲೆ ಕತ್ತಲಲ್ಲಿ 48 ಗಂಟೆ. ನಡುನಡುವೆ ಕುಲುಕುತ್ತಿರಬೇಕು. ತೆಳು ಪಾಣಿಪಂಚೆಯನ್ನು ಕುದಿಸಿ ಒಣಗಿಸಿ ಎರಡು ಮಡಿಕೆ ಮಾಡಿ ಹಿಂಡಿದರೆ 370 ಗ್ರಾಮಿನ ಆಸುಪಾಸು ಸಾರ ಸಿಗುತ್ತದೆ, ಉಳಿದದ್ದು ಚರಟದಲ್ಲೇ ಉಳಿಯುತ್ತದೆ. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ಪಿಷ್ಟ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಅಲುಗಿಸದೆ ಬಸಿದು ಫಿಲ್ಟರ್ ಕಾಗದದಲ್ಲಿ ಸೋಸಬೇಕು.

ಪಿಷ್ಟ ಉಳಿದಿದೆಯೇ ಎಂದು ನೋಡಲು ಟಿಂಚರ್ ಅಯೋಡಿನ್ ಸಾಕು. ಒಂದು ಹನಿ ಹಾಕಿ ನೀಲಿ ಬರಲಿಲ್ಲ ಎಂದು ಕೈಬಿಡಬೇಡಿ, ಮೊದಲ ಹನಿಗಳ ಅಯೋಡಿನನ್ನು ಟ್ಯಾನಿನ್ನೇ ನುಂಗಿಬಿಡುತ್ತದೆ. ನಾಲ್ಕೈದು ಹನಿ ಬಿದ್ದು ಅಯೋಡಿನಿನ ಸ್ವಂತ ಕಂದು ಬಣ್ಣ ಉಳಿದ ಮೇಲೂ ನೀಲಿ ಕಾಣದಿದ್ದರೆ ಸಾರ ಸ್ವಚ್ಛ.

ಎಚ್‌ಇಸಿಗೆ ವಿದ್ಯುದಂಶವಿಲ್ಲ. ಉಪ್ಪು ಬಂದರೂ ಟ್ಯಾನಿನ್ ಬಂದರೂ ಅದರ ಪಾಡಿಗೆ ಅದು. ಈ ಪಾಕ ನೂಲಾಗಲಿಲ್ಲ, ನೀರೊಡೆಯಲಿಲ್ಲ. ತಿಳಿ ಜೇನಿನ ಬಣ್ಣದ ಜೆಲ್ ಬಂತು, ಸಂಜೆಯವರೆಗೆ. ಬೆಳಗಾಗುವಷ್ಟರಲ್ಲಿ ಅದು ಮಸಿ ಕಲಸಿದ ಹಾಗೆ ನೀಲಿಗಪ್ಪು.

ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದ ಕಾಲ ನೆನಪಿದ್ದವರಿಗೆ ಕಾರಣ ಹೇಳಬೇಕಾಗಿಲ್ಲ. ಟ್ಯಾನಿನ್‌ಗೆ ಕಬ್ಬಿಣ ತಗಲಿದರೆ ಶಾಯಿ. ಇಲ್ಲಿ ಕಬ್ಬಿಣ ಬಂದದ್ದು ನೀರಿನಿಂದ. ನಮ್ಮ ಕಡೆ ಬಾವಿಯಾಗಲಿ, ಬಾಯಾರು, ಎಣ್ಮಕಜೆ ಗುಡ್ಡಗಳಲ್ಲಿ ನೀರಿಗಾಗಿ ಕೊರೆದ ಸುರಂಗವಾಗಲಿ, ನೀರು ಮುರಕಲ್ಲಿನ ಪದರದಿಂದ ಬರುತ್ತದೆ. ಮುರಕಲ್ಲು ಕೆಂಪಾಗಿರುವುದೇ ಕಬ್ಬಿಣದಿಂದ. ಕಣ್ಣಿಗೆ ಕನ್ನಡಿಯಂಥ ನೀರಿನಲ್ಲೂ ಶಾಯಿ ಆಗುವಷ್ಟು ಕಬ್ಬಿಣ ಇರುವುದುಂಟು. ಪರೀಕ್ಷೆ ಸುಲಭ: ಬಿಳಿ ಪಿಂಗಾಣಿ ಬಟ್ಟಲಿನಲ್ಲಿ ಅರ್ಧ ಲೋಟ ನೀರು, ಅರ್ಧ ಚಮಚ ಬೀಜದ ಸಾರ, ಹತ್ತು ನಿಮಿಷ. ಬೂದಿಬಣ್ಣದ ನೆರಳು ಕಂಡರೂ ಆ ನೀರು ಬೇಡ. ಡಿಸ್ಟಿಲ್ಡ್ ನೀರನ್ನೇ ತರಬೇಕು. ಬ್ಯಾಟರಿಗೆ ಹಾಕುವ ನೀರಿನಲ್ಲಿ ಕಬ್ಬಿಣ ಇರಲಿಕ್ಕಿಲ್ಲ, ಆದರೆ ಅದರಲ್ಲಿ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಯಾರೂ ನೋಡಿರುವುದಿಲ್ಲ.

ಇದೇ ಪಾಕದ ಇನ್ನೊಂದು ಕೆಡುಕು ಮೂರನೇ ವಾರ ಕಂಡದ್ದು. ಜೆಲ್‌ನ ಮೈಮೇಲೆ ಏನೂ ಇಲ್ಲ, ಮುಚ್ಚಳದ ಒಳಬದಿಯಲ್ಲಿ ಬೂಸಲಿನ ಚುಕ್ಕೆಗಳು. ಬಿಸಿಯಿರುವಾಗಲೇ ತುಂಬಿ ಮುಚ್ಚಿದರೆ ಆವಿ ಮುಚ್ಚಳದಲ್ಲಿ ಹನಿಯಾಗಿ ನಿಲ್ಲುತ್ತದೆ. ಆ ಹನಿ ಬರೀ ನೀರು, ಅದರೊಳಗೆ ಸಂರಕ್ಷಕ ಇಲ್ಲ. ಬೂಸಲು ಅಲ್ಲಿ ಬೇರೂರಿ ಕೆಳಗಿಳಿಯುತ್ತದೆ. ಎಚ್‌ಇಸಿ ಸೆಲ್ಯುಲೋಸಿನಿಂದ ಆದದ್ದು, ಸೆಲ್ಯುಲೋಸು ತಿನ್ನುವ ಬೂಸಲಿನ ಕಿಣ್ವ ಅದನ್ನು ಕತ್ತರಿಸುತ್ತದೆ. ಹಾಗಾಗಿ ಕಾರಣವಿಲ್ಲದೆ ಜೆಲ್ ತೆಳ್ಳಗಾಗುತ್ತಿದ್ದರೆ ಬೂಸಲು ಕಣ್ಣಿಗೆ ಕಾಣುವ ಮೊದಲೇ ಅನುಮಾನಪಡಬೇಕು.

ಮೂರನೆಯ ಪಾಕ

500 ಗ್ರಾಂ ಜೆಲ್‌ಗೆ ಅಳತೆ ಹೀಗೆ. ಎಲ್ಲವೂ ತೂಕದಲ್ಲಿ, ಚಮಚದ ಲೆಕ್ಕ ಬೇಡ. 0.1 ಗ್ರಾಂ ತೋರಿಸುವ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದೂ ಬೇಡ.

ಡಿಸ್ಟಿಲ್ಡ್ ನೀರು 361 ಗ್ರಾಂ
ನೇರಳೆ ಬೀಜದ ಸಾರ 100 ಗ್ರಾಂ
ಗ್ಲಿಸರಿನ್ 25 ಗ್ರಾಂ
ಎಚ್‌ಇಸಿ 7.5 ಗ್ರಾಂ
ಫಿನಾಕ್ಸಿಎಥನಾಲ್ 4.5 ಗ್ರಾಂ
ಪೊಟ್ಯಾಸಿಯಂ ಸಾರ್ಬೇಟ್ 1 ಗ್ರಾಂ
ಡೈಸೋಡಿಯಂ ಇಡಿಟಿಎ 0.5 ಗ್ರಾಂ
ಸೋಡಿಯಂ ಮೆಟಾಬೈಸಲ್ಫೈಟ್ 0.5 ಗ್ರಾಂ
ಪಿಎಚ್ ಸರಿಮಾಡಲು ಶೇ. 10ರ ಸಿಟ್ರಿಕ್ ಆಮ್ಲ ಮತ್ತು ಶೇ. 10ರ ಕಾಸ್ಟಿಕ್ ಸೋಡಾ ದ್ರಾವಣ, ಹನಿ ಲೆಕ್ಕ

ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದನ್ನು ಬದಲಿಸಿದರೆ ಪಾಕವೇ ಬದಲಾಗುತ್ತದೆ. ನೀರಿಗೆ ಮೊದಲು ಇಡಿಟಿಎ. ದಾರಿತಪ್ಪಿ ಬಂದ ಕಬ್ಬಿಣವನ್ನು ಟ್ಯಾನಿನ್‌ಗಿಂತ ಮೊದಲೇ ಅದು ಹಿಡಿದಿಟ್ಟುಕೊಳ್ಳಬೇಕು. ಕಪ್ಪಾದ ಮೇಲೆ ಹಾಕಿದರೆ ಬಣ್ಣ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ನಂತರ ಎಚ್‌ಇಸಿಯನ್ನು ಗ್ಲಿಸರಿನ್‌ನಲ್ಲಿ ಕಲಸಿ ದೋಸೆ ಹಿಟ್ಟಿನ ಹದಕ್ಕೆ ತಂದು, 40 ಡಿಗ್ರಿಯ ನೀರಿಗೆ ಎಳೆಯಾಗಿ ಸುರಿಯುತ್ತಾ ಕಲಕಬೇಕು. ಗ್ಲಿಸರಿನ್‌ನಲ್ಲಿ ಅದು ಉಬ್ಬುವುದಿಲ್ಲ, ಹಾಗಾಗಿ ಗಂಟಾಗುವುದಿಲ್ಲ.

ಅರ್ಧ ಗಂಟೆಯಾದರೂ ನೀರು ನೀರಾಗಿಯೇ ಇದ್ದರೆ ಗಾಬರಿ ಬೇಡ. ಮಾರುಕಟ್ಟೆಯ ಹೆಚ್ಚಿನ ಎಚ್‌ಇಸಿ, ಉದಾಹರಣೆಗೆ ನ್ಯಾಟ್ರೋಸಾಲ್ 250 ಎಚ್‌ಎಚ್‌ಆರ್, ಗಂಟಾಗದಿರಲೆಂದು ಮೇಲ್ಮೈ ಸಂಸ್ಕರಿಸಿದ ದರ್ಜೆಯದು. ಆಮ್ಲದಲ್ಲಿ ತುಂಬಾ ನಿಧಾನ. ಇಡಿಟಿಎ ನೀರನ್ನು ಆಮ್ಲವಾಗಿಸಿರುತ್ತದೆ. ಕಾಸ್ಟಿಕ್ ಸೋಡಾ ದ್ರಾವಣ ಹನಿಹನಿಯಾಗಿ ಹಾಕಿ ಪಿಎಚ್ 8ಕ್ಕೆ ತಂದರೆ ಕಣ್ಣೆದುರೇ ದಪ್ಪವಾಗುತ್ತದೆ. ಇನ್ನೂ ಅಂಟು ಸಾಲದು ಎಂದು ಇನ್ನೆರಡು ಗ್ರಾಂ ಸುರಿಯುವುದು ಇಲ್ಲಿ ಮಾಡುವ ಮಾಮೂಲು ತಪ್ಪು. ಮರುದಿನ ಚಮಚ ನೆಟ್ಟಗೆ ನಿಲ್ಲುತ್ತದೆ.

ದಪ್ಪವಾದ ಮೇಲೆ ಸಾರ್ಬೇಟ್ ಕರಗಿಸಿ, 30 ಡಿಗ್ರಿಗೆ ತಣಿಸಿ, ಸಿಟ್ರಿಕ್ ಆಮ್ಲದಿಂದ ಪಿಎಚ್ 5ಕ್ಕೆ ಇಳಿಸಬೇಕು. ಸಾರ ಸೇರಿಸುವುದು ಇದಾದ ಮೇಲೆಯೇ. ಪಿಎಚ್ ಎಂಟರ ನೀರಿಗೆ ಟ್ಯಾನಿನ್ ಬಿದ್ದರೆ ಆ ಕ್ಷಣದಿಂದ ಕಂದು. ಸಾರ ಹಾಕುವ ಮೊದಲು ಅದನ್ನೊಮ್ಮೆ 75 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಕಾಯಿಸಿ ತಣಿಸಿರಬೇಕು. ಮಣ್ಣಿನಿಂದ ಬಂದ ಬ್ಯಾಕ್ಟೀರಿಯಾದ ಬೀಜಕಗಳು ಇದರಿಂದ ಸಾಯುವುದಿಲ್ಲ, ಉಳಿದವು ಬಹಳಷ್ಟು ಸಾಯುತ್ತವೆ. ಆಮೇಲೆ ಸಾರ ಕಂದಾಗದಂತೆ ಕಾಯುವ ಸಲ್ಫೈಟ್, ಅಂದರೆ ಮೆಟಾಬೈಸಲ್ಫೈಟ್, ಕೊನೆಗೆ ಸಂರಕ್ಷಕವಾದ ಫಿನಾಕ್ಸಿಎಥನಾಲ್. ಫಿನಾಕ್ಸಿಎಥನಾಲ್‌ಗೆ ಐರೋಪ್ಯ ಒಕ್ಕೂಟದ ನಿಯಮದಲ್ಲಿ ಗರಿಷ್ಠ ಮಿತಿ ಶೇ. 1, ಇಲ್ಲಿರುವುದು 0.9.

ಪಿಎಚ್ 5 ಎಂದು ಹಟ ಹಿಡಿಯುವುದಕ್ಕೆ ಕಾರಣ ಸಾರ್ಬೇಟ್. ಬೂಸಲನ್ನು ತಡೆಯುವುದು ಒಡೆಯದೆ ಉಳಿದ ಸಾರ್ಬಿಕ್ ಆಮ್ಲ. ಪಿಎಚ್ 5ರಲ್ಲಿ ಅದು ನೂರಕ್ಕೆ 37ರಷ್ಟು ಇರುತ್ತದೆ, 6ರಲ್ಲಿ 5ಕ್ಕೆ ಇಳಿಯುತ್ತದೆ. ಒಂದೇ ಅಂಕ ಏರಿದ್ದಕ್ಕೆ ಸಂರಕ್ಷಕದ ಬಲ ಏಳರಲ್ಲೊಂದು ಪಾಲಾಗುತ್ತದೆ. ಪಿಎಚ್ ಪಟ್ಟಿ ಇಲ್ಲಿ ಉಪಯೋಗವಿಲ್ಲ, ಸಾರದ ಬಣ್ಣವೇ ಪಟ್ಟಿಗೆ ಹಿಡಿಯುತ್ತದೆ. ಮೀಟರನ್ನು 4 ಮತ್ತು 7ರ ಬಫರ್‌ನಲ್ಲಿ ಸರಿಮಾಡಿ, 5 ಗ್ರಾಂ ಜೆಲ್ ಅನ್ನು 45 ಗ್ರಾಂ ನೀರಿನಲ್ಲಿ ಕದಡಿ ಓದಬೇಕು. ಗಟ್ಟಿ ಜೆಲ್‌ನೊಳಗೆ ನೇರ ಅದ್ದಿದರೆ ಅಂಕಿ ಅಲ್ಲಾಡುತ್ತಲೇ ಇರುತ್ತದೆ.

ಕಲಕಲು ಹ್ಯಾಂಡ್ ಬ್ಲೆಂಡರ್ ಹಿಡಿದರೆ ಗುಳ್ಳೆ ತುಂಬಿ ಜೆಲ್ ಬಿಳಿಚಿಕೊಳ್ಳುತ್ತದೆ. ಮಜ್ಜಿಗೆ ಕಡೆಯುವ ಕಡೆಗೋಲಿನಿಂದಲೂ ಅದೇ, ಮೇಲಾಗಿ ಮರದ ಸಂದಿನಲ್ಲಿ ಹಳೆಯ ಮಜ್ಜಿಗೆಯ ಬ್ಯಾಕ್ಟೀರಿಯಾ. ಅಗಲ ಸ್ಟೀಲ್ ಸಟ್ಟುಗವನ್ನು ತಳಕ್ಕೆ ತಾಗಿಸಿ ನಿಧಾನ ತಿರುಗಿಸಿದರೆ ಸಾಕು. ಉಳಿದ ಗುಳ್ಳೆ ರಾತ್ರಿ ಕಳೆಯುವುದರೊಳಗೆ ಮೇಲೆ ಬಂದು ಒಡೆಯುತ್ತದೆ. ಪೂರ್ತಿ ತಣಿದ ಮೇಲೆ ತುಂಬಿಸಿ. ತಗಡಿನ ಡಬ್ಬ, ಹಿತ್ತಾಳೆಯ ಭರಣಿ ಬೇಡ. ಪಂಪ್ ಬಾಟಲಿ ಅಥವಾ ಪ್ಲಾಸ್ಟಿಕ್ ಟ್ಯೂಬ್ ಒಳ್ಳೆಯದು. ಅಗಲ ಬಾಯಿಯ ಡಬ್ಬ ಅಂದರೆ ದಿನಕ್ಕೆರಡು ಬಾರಿ ಒದ್ದೆ ಬೆರಳು.

ಎರಡು ತಿಂಗಳ ಮೇಲೆ ಉಳಿದ ಸಾರದ ಬಾಟಲಿಯ ತಳದಲ್ಲಿ ಹಳದಿ ಬೂದು ಪುಡಿ ಕೂತಿದ್ದರೆ ಅದು ಬೂಸಲಲ್ಲ. ಟ್ಯಾನಿನ್ ನಿಧಾನ ಒಡೆದು ಎಲಾಜಿಕ್ ಆಮ್ಲ ಬಿಡುತ್ತದೆ, ನೀರಿನಲ್ಲಿ ಅದು ಹೆಚ್ಚುಕಡಿಮೆ ಕರಗುವುದೇ ಇಲ್ಲ. ಬೂಸಲಾದರೆ ಮೇಲೆ ತೇಲುತ್ತದೆ, ಪಿಷ್ಟವಾದರೆ ಅಯೋಡಿನ್‌ಗೆ ನೀಲಿಯಾಗುತ್ತದೆ.

ಕೊಲ್ಲುತ್ತಿರುವುದು ಯಾರು?

ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಬಾರದು. ಸ್ಟ್ಯಾಫಿಲೊಕಾಕಸ್ ಔರಿಯಸ್ ರೋಗ ತರುವ ಜೀವಿ. ಸೂಕ್ಷ್ಮಜೀವಿ ವಿಭಾಗವಿರುವ ಕಾಲೇಜಿನಲ್ಲೋ ಮಂಗಳೂರಿನ ಲ್ಯಾಬಿನಲ್ಲೋ ಮಾಡಿಸಬೇಕು. ಆದರೆ ಏನು ಕೇಳಬೇಕೆಂದು ಗೊತ್ತಿಲ್ಲದೆ ಡಬ್ಬ ಒಪ್ಪಿಸಿ ಬಂದರೆ 'ವಲಯ ಕಂಡಿದೆ', ಅಂದರೆ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ ಕಂಡಿದೆ, ಎಂಬ ಒಂದು ಸಾಲಿನ ವರದಿ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ.

ಪದ್ಧತಿ ಇದು: ಬ್ಯಾಕ್ಟೀರಿಯಾ ಬೆಳೆಸುವ ಮ್ಯುಲ್ಲರ್ ಹಿಂಟನ್ ಅಗರ್ 4 ಮಿ.ಮೀ. ದಪ್ಪಕ್ಕೆ ಹೊಯ್ದು, 0.5 ಮ್ಯಾಕ್‌ಫರ್ಲೆಂಡ್ ಮಬ್ಬಿಗೆ ಹೊಂದಿಸಿದ ಬ್ಯಾಕ್ಟೀರಿಯಾ ದ್ರವವನ್ನು ತಟ್ಟೆಯ ತುಂಬ ಒರೆಸಿ, 8 ಮಿ.ಮೀ. ಕುಳಿ ಕೊರೆದು, ಪ್ರತಿ ಕುಳಿಗೆ 100 ಮೈಕ್ರೊಲೀಟರ್ ಹಾಕುವುದು. ಗಟ್ಟಿ ಜೆಲ್ ಕುಳಿಯಿಂದ ಹೊರಗೆ ಹರಡುವುದಿಲ್ಲ, ಸಮತೂಕದ ನೀರಿನಲ್ಲಿ ಕದಡಿ ಹಾಕಬೇಕು. ಒಂದೆರಡು ಗಂಟೆ ಹೊರಗಿಟ್ಟು ಆಮೇಲೆ 35ರಿಂದ 37 ಡಿಗ್ರಿಯಲ್ಲಿ 18ರಿಂದ 24 ಗಂಟೆ. ತಳಿಗಳು ಸಾಮಾನ್ಯವಾಗಿ, ಎಟಿಸಿಸಿ ಎಂಬ ಜೀವಿ ಸಂಗ್ರಹದ ಸಂಖ್ಯೆಯಲ್ಲಿ ಹೇಳುವುದಾದರೆ, ಎಟಿಸಿಸಿ 25923ರ ಸ್ಟ್ಯಾಫಿಲೊಕಾಕಸ್ ಮತ್ತು ಎಟಿಸಿಸಿ 25922ರ ಇ. ಕೋಲಿ.

ಕುಳಿಗಳಲ್ಲಿ ಏನು ಹಾಕಿಸುತ್ತೀರಿ ಎನ್ನುವುದರಲ್ಲಿ ಎಲ್ಲ ಇದೆ. ಒಂದರಲ್ಲಿ ಪೂರ್ತಿ ಜೆಲ್. ಇನ್ನೊಂದರಲ್ಲಿ ಬೀಜದ ಸಾರದ ಬದಲು ಬರೀ ಗ್ಲೈಕಾಲ್ ನೀರು ಹಾಕಿದ, ಉಳಿದೆಲ್ಲ ಇರುವ ಜೆಲ್. ಮೂರನೆಯದರಲ್ಲಿ ಸಂರಕ್ಷಕವಿಲ್ಲದೆ ಸಾರ ಮಾತ್ರ ಇರುವ, ಅದೇ ದಿನ ಮಾಡಿದ ಜೆಲ್. ನಾಲ್ಕನೆಯದರಲ್ಲಿ ಎರಡೂ ಇಲ್ಲದ, ಪಿಎಚ್ 5ರ ಬರೀ ಅಂಟು. ಐದನೆಯದರಲ್ಲಿ ಹೋಲಿಕೆಗೆ ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್. ಮೊದಲನೆಯದೂ ಎರಡನೆಯದೂ ಒಂದೇ ಅಗಲದ ವಲಯ ತೋರಿಸಿದರೆ ನೀವು ಮಾಡಿದ್ದು ಬಣ್ಣ ಹಾಕಿದ ಫಿನಾಕ್ಸಿಎಥನಾಲ್ ಜೆಲ್. ಬೀಜದ ಪಾಲು ತಿಳಿಯುವುದು ಮೂರನೆಯ ಮತ್ತು ನಾಲ್ಕನೆಯ ಕುಳಿಯ ವ್ಯತ್ಯಾಸದಿಂದ. ಗಿಡಮೂಲಿಕೆ ಜೆಲ್ ಎಂದು ಮಾರುವವರು ಎರಡನೆಯ ಕುಳಿಯನ್ನು ತೋರಿಸುವುದು ಅಪರೂಪ.

ಓದುವಾಗ ಇನ್ನೊಂದು ಮೋಸ: ಟ್ಯಾನಿನ್ ಅಗರಿನೊಳಗಿನ ಪ್ರೋಟೀನನ್ನು ಹಿಡಿದು ಕುಳಿಯ ಸುತ್ತ ಕಂದು ಬಳೆ ಕಟ್ಟುತ್ತದೆ. ದೂರದಿಂದ ಅದು ವಲಯದಂತೆಯೇ. ತಟ್ಟೆಯನ್ನು ಓರೆಯಾಗಿ ಬೆಳಕಿಗೆ ಹಿಡಿದು, ಬಳೆಯ ಮೇಲೆ ಬ್ಯಾಕ್ಟೀರಿಯಾದ ಪದರ ಇದೆಯೋ ಇಲ್ಲವೋ ನೋಡಬೇಕು. ಬ್ಯಾಕ್ಟೀರಿಯಾ ಬೆಳೆಯದ ಜಾಗವನ್ನಷ್ಟೇ ಅಳೆಯಬೇಕು. ಹಾಗೆಯೇ ದೊಡ್ಡ ಟ್ಯಾನಿನ್ ಅಣು ಅಗರಿನಲ್ಲಿ ದೂರ ಸಾಗುವುದಿಲ್ಲ. ಸಣ್ಣ ವಲಯ ಎಂದರೆ ದುರ್ಬಲ ಎಂದೇ ಅರ್ಥವಲ್ಲ. ಅದಕ್ಕಾಗಿ ನೇರ ಸಂಪರ್ಕದ ಎಣಿಕೆ ಕೇಳಿ: ಸಾರದ ಜತೆ ಬ್ಯಾಕ್ಟೀರಿಯಾ ಇಟ್ಟು ಗಂಟೆಗಂಟೆಗೆ ತೆಗೆದು, ಸಾರದ ಬಲ ತಗ್ಗಿಸುವ ದ್ರವದಲ್ಲಿ ತೆಳುಮಾಡಿ, ತಟ್ಟೆಗೆ ಹಾಕಿ ಉಳಿದವನ್ನು ಎಣಿಸುವುದು. ರೆಸಝುರಿನ್ ಬಣ್ಣದ ಪರೀಕ್ಷೆ ಬೇಡ ಎನ್ನಿ. ಟ್ಯಾನಿನ್ನೇ ಆ ಬಣ್ಣವನ್ನು ಬದಲಿಸಿ ಸತ್ತದ್ದನ್ನೂ ಬದುಕಿದೆ ಎಂದು ತೋರಿಸಬಲ್ಲದು.

ಪ್ರತಿ ಸಲದ ಸಾರ ಒಂದೇ ಬಲದ್ದೇ ಎಂದು ತಿಳಿಯಲು ಜ್ಯೂಸಿನವರು ಸಕ್ಕರೆ ಅಳೆಯುವ ಬ್ರಿಕ್ಸ್ ಮೀಟರ್ ಆಗುವುದಿಲ್ಲ, ಅದು ಗ್ಲೈಕಾಲನ್ನೇ ಓದುತ್ತದೆ. ಲ್ಯಾಬಿನಲ್ಲಿ ಫೋಲಿನ್ ಸಿಯೊಕಾಲ್ಟು ವಿಧಾನದಿಂದ, ಗ್ಯಾಲಿಕ್ ಆಮ್ಲದ ಹೋಲಿಕೆಯಲ್ಲಿ, 765 ನ್ಯಾನೊಮೀಟರಿನಲ್ಲಿ ಒಟ್ಟು ಫೀನಾಲ್ ಅಳೆಸಬೇಕು. ಸಲ್ಫೈಟ್ ಸೇರಿಸುವ ಮೊದಲಿನ ಸಾರವನ್ನೇ ಕೊಡಿ. ಈ ವಿಧಾನದಲ್ಲಿ ಫೀನಾಲ್ ತರುವ ನೀಲಿ ಬಣ್ಣವನ್ನೇ ಸಲ್ಫೈಟ್ ಕೂಡ ತರುತ್ತದೆ. ಜೆಲ್‌ನ ಒಟ್ಟು ಜೀವಿ ಎಣಿಕೆ ಗ್ರಾಮಿಗೆ 1000 ದಾಟಬಾರದು, ಸ್ಟ್ಯಾಫಿಲೊಕಾಕಸ್ ಔರಿಯಸ್, ಸ್ಯೂಡೊಮೊನಾಸ್, ಇ. ಕೋಲಿ, ಕ್ಯಾಂಡಿಡಾ ಒಂದು ಗ್ರಾಮಿನಲ್ಲಿ ಇರಲೇಬಾರದು.

ಎಲ್ಲಿ ಹಚ್ಚಬಾರದು

ಇದು ಕ್ರಿಮಿರಹಿತ ಮಾಡಿದ ಮದ್ದಲ್ಲ. ಒಡೆದ ಗಾಯ, ಸುಟ್ಟಗಾಯ, ಕಣ್ಣಿನ ಹತ್ತಿರ, ಹಸುಗೂಸಿನ ಮೈ, ಎಲ್ಲಿಯೂ ಬೇಡ. ಟ್ಯಾನಿನ್ ಹಚ್ಚಿದರೆ ಸುಟ್ಟಗಾಯ ಬೇಗ ಒಣಗುತ್ತದೆ ಎಂಬ ಮಾತಿಗೆ ಹಳೆಯ ಚರಿತ್ರೆ ಇದೆ: 1925ರಲ್ಲಿ ಡೆಟ್ರಾಯಿಟ್‌ನ ವೈದ್ಯ ಎಡ್ವರ್ಡ್ ಡೇವಿಡ್‌ಸನ್ ಟ್ಯಾನಿಕ್ ಆಮ್ಲದ ಚಿಕಿತ್ಸೆ ಪ್ರಕಟಿಸಿದ ಮೇಲೆ ಅದು ಎಲ್ಲೆಡೆ ಹಬ್ಬಿತು. ಸುಟ್ಟ ಮೈಯ ಮೂಲಕ ರಕ್ತಕ್ಕೆ ಸೇರಿ ಯಕೃತ್ತಿಗೆ ಹಾನಿ ಮಾಡುತ್ತದೆಂದು ಗೊತ್ತಾಗಿ 1940ರ ದಶಕದಲ್ಲಿ ಕೈಬಿಟ್ಟರು. ಗಾಯವಿಲ್ಲದ ಚರ್ಮಕ್ಕೂ ಮೊದಲು ಮುಂಗೈಯ ಒಳಬದಿಯಲ್ಲಿ ಕಾಳಿನಷ್ಟು ಹಚ್ಚಿ 48 ಗಂಟೆ ಕಾಯಬೇಕು. ಸಲ್ಫೈಟ್ ಅಲರ್ಜಿ ಇರುವವರಿಗೆ ಇದು ಸಲ್ಲ.

ನೆಂಟರಿಷ್ಟರಿಗೆ ಕೊಡುವುದು ಬೇರೆ, ಚೀಟಿ ಅಂಟಿಸಿ ಮಾರುವುದು ಬೇರೆ. ಸೌಂದರ್ಯ ಸಾಧನವೆಂದು ಮಾರುವುದಾದರೆ 2020ರ ಕಾಸ್ಮೆಟಿಕ್ಸ್ ರೂಲ್ಸ್ ಪ್ರಕಾರ ತಯಾರಿಕೆಯ ಪರವಾನಗಿ ಬೇಕು. 'ಮೊಡವೆ ಗುಣವಾಗುತ್ತದೆ' ಎಂದು ಬರೆದ ಕೂಡಲೇ ಅದು ಔಷಧ; ಆಯುರ್ವೇದದ ಹೆಸರಿನಲ್ಲಾದರೆ ಔಷಧ ನಿಯಮಗಳ ಷೆಡ್ಯೂಲ್ ಟಿ ಹೇಳುವ ಕಟ್ಟಡ, ನೀರು, ದಾಖಲೆ ಎಲ್ಲವೂ ಬೇಕು.

ಪಾಕ ಮಾಡುವಾಗ ಬಿಳಿ ಪಂಚೆ ಉಡಬೇಡಿ. ಗೇರುಹಣ್ಣಿನ ಕಲೆಗಿಂತ ಇದು ಕಡಿಮೆಯೇನಲ್ಲ. ಸಾರ ಚೆಲ್ಲಿದ ಕೂಡಲೇ ಬಾವಿಕಟ್ಟೆಗೆ ಓಡಿ ಸಾಬೂನು ಉಜ್ಜಿದರೆ ಸಾಬೂನಿನ ಕ್ಷಾರಕ್ಕೆ ಕಂದಾಗುತ್ತದೆ, ಬಾವಿನೀರಿನ ಕಬ್ಬಿಣಕ್ಕೆ ಕಪ್ಪಾಗುತ್ತದೆ. ಮೊದಲು ನಿಂಬೆರಸ ಹಿಂಡಿ ಹತ್ತು ನಿಮಿಷ ಬಿಟ್ಟು, ಉಳಿದ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ಸಾಬೂನು ಆಮೇಲೆ.